ಹಳೆ ಚೈನ್‌ಸಾದ ಕಸುವು ಹೆಚ್ಚಿಸುವುದು ಹೇಗೆ: ಸೋರಿಕೆ ಪರೀಕ್ಷೆಯಿಂದ ಸೈಲೆನ್ಸರ್ ಬದಲಾವಣೆಯವರೆಗೆ

ಹಳೆ ಚೈನ್‌ಸಾ ಸಿಕ್ಕ ಕೂಡಲೇ ಹೆಚ್ಚಿನವರ ಕೈ ಹೋಗುವುದು ಕಾರ್ಬುರೇಟರ್ ಸ್ಕ್ರೂಗೆ. ಸ್ವಲ್ಪ ಧೈರ್ಯವಿದ್ದವರು ಡ್ರಿಲ್ ಹಿಡಿದು ಸೈಲೆನ್ಸರ್‌ಗೆ ತೂತು ಕೊರೆಯಲು ಕೂರುತ್ತಾರೆ. ಎರಡೂ ಬೇಕಾದ ಕೆಲಸಗಳೇ, ಆದರೆ ಅವುಗಳ ಸರದಿ ಆಮೇಲೆ ಬರುತ್ತದೆ. ಹಳೆ ಮೆಷಿನ್ ಕಳೆದುಕೊಂಡ ಬಲದ ಬಹುಪಾಲು ಹೋಗಿರುವುದು ಕಾರ್ಬುರೇಟರ್‌ನೊಳಗಿನ ಗಟ್ಟಿಯಾದ ಡಯಾಫ್ರಂ (ತೆಳು ಪೊರೆ), ಬಿರುಕುಬಿಟ್ಟ ರಬ್ಬರ್, ಸವೆದ ಆಯಿಲ್ ಸೀಲ್ ಮತ್ತು ಮೊಂಡಾದ ಚೈನ್‌ನಿಂದ. ಎಲ್ಲೋ ಗಾಳಿ ಎಳೆಯುತ್ತಿರುವ ಎಂಜಿನ್‌ಗೆ ಸೈಲೆನ್ಸರ್ ಬಿಚ್ಚಿಕೊಟ್ಟರೆ ಅದು ಇನ್ನಷ್ಟು ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗಿ, ಒಂದೆರಡು ದಿಮ್ಮಿ ಕೊಯ್ಯುವಷ್ಟರಲ್ಲಿ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರ್‌ಗೆ ಕಚ್ಚಿಕೊಂಡು ನಿಲ್ಲುತ್ತದೆ.

ಚೈನ್ ಬ್ರೇಕ್ ಇಲ್ಲದ, ಅಥವಾ ಇದ್ದೂ ಹಿಡಿಯದ ಮೆಷಿನ್‌ನ ವೇಗ ಹೆಚ್ಚಿಸಬೇಡಿ. ಪೂರ್ತಿ ಥ್ರಾಟಲ್‌ನಲ್ಲಿ ಮುಂಗೈ ಗಾರ್ಡನ್ನು ಮುಂದೆ ತಳ್ಳಿದರೆ ಚೈನ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಮೊದಲು ಬ್ರೇಕ್ ಬ್ಯಾಂಡ್ ಸರಿಮಾಡಿ, ಉಳಿದದ್ದು ಆಮೇಲೆ.

ಮೊದಲು ಒಳಗೆ ಇಣುಕಿ

ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಪೋರ್ಟ್‌ಗೆ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಸ್ಟಾರ್ಟರ್ ಹಗ್ಗವನ್ನು ನಿಧಾನ ಎಳೆಯುತ್ತಾ ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸಿ. ತಯಾರಿಕೆಯ ಸಣ್ಣ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದರೆ ಪಿಸ್ಟನ್ ಚೆನ್ನಾಗಿದೆ ಎಂದರ್ಥ. ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರು, ಅಲ್ಯೂಮಿನಿಯಂ ಮೆತ್ತಿದ ಗುರುತು ಇದ್ದರೆ ಎಂಜಿನ್ ಲೀನ್ ಆಗಿ ಓಡಿದೆ ಅಥವಾ ಆಯಿಲ್ ಇಲ್ಲದ ಪೆಟ್ರೋಲ್ ಕುಡಿದಿದೆ. ಇನ್‌ಟೇಕ್ ಬದಿ ಮಸುಕಾಗಿ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ. ಕಾರಣ ಹುಡುಕದೆ ಬರೀ ಪಿಸ್ಟನ್ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಸ್ಪಾರ್ಕ್ ಪ್ಲಗ್ ತೂತಿಗೆ ಗೇಜ್ ಹಾಕಿ ಕಂಪ್ರೆಷನ್ (ಸಿಲಿಂಡರ್‌ನೊಳಗಿನ ಒತ್ತಡ) ಅಳೆಯುವಾಗ ಚೋಕ್ ತೆರೆದಿರಲಿ, ಥ್ರಾಟಲ್ ಪೂರ್ತಿ ಒತ್ತಿರಲಿ, ಡಿಕಂಪ್ರೆಷನ್ ವಾಲ್ವ್ (ಸ್ಟಾರ್ಟ್ ಸುಲಭವಾಗಲು ಒತ್ತಡ ಬಿಡುವ ಕವಾಟ) ಮುಚ್ಚಿರಲಿ. ಮುಳ್ಳು ಏರುವುದು ನಿಲ್ಲುವವರೆಗೆ ಆರೆಂಟು ಸಲ ಜೋರಾಗಿ ಎಳೆಯಿರಿ. 140ರಿಂದ 160 ಪಿಎಸ್‌ಐ ಬಂದರೆ ಒಳ್ಳೆಯ ಎಂಜಿನ್. 120ಕ್ಕಿಂತ ಕೆಳಗಿದ್ದರೆ ರಿಂಗ್ ಬದಲಿಸುವ ತನಕ ಬೇರೆ ಯಾವ ಮಾರ್ಪಾಡಿಗೂ ಕೈ ಹಾಕಬೇಡಿ.

ಬೋರ್‌ಗೆ (ಸಿಲಿಂಡರ್‌ನ ಒಳಗೋಡೆಗೆ) ಅಲ್ಯೂಮಿನಿಯಂ ಮೆತ್ತಿದ್ದರೂ ಕ್ರೋಮ್ ಅಥವಾ ನಿಕಾಸಿಲ್ (ನಿಕಲ್–ಸಿಲಿಕಾನ್ ಕಾರ್ಬೈಡ್) ಲೇಪನ ಉಳಿದಿರುವ ಸಾಧ್ಯತೆ ಹೆಚ್ಚು. ನಿಕಾಸಿಲ್ ಆದರೆ ಹತ್ತಿ ಕಡ್ಡಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಅದ್ದಿ ಮೆತ್ತಿದ ಜಾಗಕ್ಕೆ ಮಾತ್ರ ಸವರಿ. ಕ್ರೋಮ್‌ಗೆ ಈ ಆಮ್ಲ ಬೇಡ, ಅದು ಲೇಪನವನ್ನೇ ಕರಗಿಸುತ್ತದೆ. ನೊರೆ ಬರುವುದು ಅಲ್ಯೂಮಿನಿಯಂ ಕರಗುತ್ತಿರುವ ಗುರುತು. ಪೋರ್ಟ್ ಅಂಚುಗಳಲ್ಲಿ ಲೇಪನವಿಲ್ಲದ ಲೋಹ ತೆರೆದುಕೊಂಡಿರುತ್ತದೆ, ಅಲ್ಲಿಗೆ ಆಮ್ಲ ತಾಗಿದರೆ ಲೇಪನದ ಅಡಿಯನ್ನೇ ತಿನ್ನುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲೇ ಮಾಡಿ, ಕೊನೆಗೆ ಸೋಡಾ ಪುಡಿ ಕರಗಿಸಿದ ನೀರಿನಲ್ಲಿ ತೊಳೆಯಿರಿ.

ಸೋರಿಕೆ ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಟು-ಸ್ಟ್ರೋಕ್ ಎಂಜಿನ್‌ನ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗಿನ ಮುಚ್ಚಿದ ಕೋಣೆ) ಕೂಡ ಪಂಪ್‌ನಂತೆ ಕೆಲಸ ಮಾಡುವುದರಿಂದ, ಅಲ್ಲಿ ಕೂದಲೆಳೆಯ ಸಂದು ಇದ್ದರೂ ಗಾಳಿ–ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಲಕ್ಷಣಗಳು ಸ್ಪಷ್ಟ: ಐಡಲ್ (ಥ್ರಾಟಲ್ ಒತ್ತದಾಗಿನ ಓಟ) ಒಂದೇ ಸಮ ನಿಲ್ಲುವುದಿಲ್ಲ, ಥ್ರಾಟಲ್ ಬಿಟ್ಟ ಮೇಲೂ ವೇಗ ತಡವಾಗಿ ಇಳಿಯುತ್ತದೆ, ಮೆಷಿನ್ ಓರೆ ಮಾಡಿದರೆ ಸದ್ದು ಬದಲಾಗುತ್ತದೆ.

ಸೈಲೆನ್ಸರ್‌ನ ಹಿಂದೆ ಹಳೆ ಟ್ಯೂಬಿನ ರಬ್ಬರ್ ತುಂಡಿಟ್ಟು ಬಿಗಿದರೆ ಎಕ್ಸಾಸ್ಟ್ ಮುಚ್ಚುತ್ತದೆ. ಕಾರ್ಬುರೇಟರ್ ತೆಗೆದು ಇನ್‌ಟೇಕ್ ರಬ್ಬರ್‌ನ ಬಾಯಿಯನ್ನೂ ಮುಚ್ಚಿ, ಇಂಪಲ್ಸ್ ನಳಿಕೆಗೆ (ಕ್ರ್ಯಾಂಕ್‌ಕೇಸ್‌ನ ಒತ್ತಡದ ಮಿಡಿತವನ್ನು ಕಾರ್ಬುರೇಟರ್‌ಗೆ ಒಯ್ಯುವ ನಳಿಕೆಗೆ) ಮಾಪಕವಿರುವ ಕೈಪಂಪ್ ಜೋಡಿಸಿ. ಪ್ಲಗ್ ಅದರ ಜಾಗದಲ್ಲೇ ಇರಲಿ. 0.5 ಬಾರ್ ಒತ್ತಡ ಕೊಟ್ಟು ಸಾಬೂನು ನೀರು ಸವರಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಆಮೇಲೆ 0.5 ಬಾರ್ ನಿರ್ವಾತ ಎಳೆದು, ಫ್ಲೈವೀಲ್ ನಿಧಾನ ತಿರುಗಿಸುತ್ತಾ ಅರ್ಧ ನಿಮಿಷ ಮುಳ್ಳನ್ನು ಗಮನಿಸಿ. ಎರಡೂ ಪರೀಕ್ಷೆ ಬೇಕು, ಏಕೆಂದರೆ ಆಯಿಲ್ ಸೀಲ್‌ನ ತುಟಿ ಒಳಮುಖವಾಗಿರುತ್ತದೆ. ಒತ್ತಡ ಅದನ್ನು ಶಾಫ್ಟ್‌ಗೆ ಇನ್ನಷ್ಟು ಒತ್ತಿ ಹಿಡಿಯುವುದರಿಂದ ಸವೆದ ಸೀಲ್ ಕೂಡ ಪಾಸಾಗಿಬಿಡುತ್ತದೆ. ನಿರ್ವಾತದಲ್ಲಿ ಅದರ ಬಣ್ಣ ಬಯಲಾಗುತ್ತದೆ.

ಇನ್‌ಟೇಕ್ ರಬ್ಬರನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬಿರುಕು ಹೆಚ್ಚಾಗಿ ಇರುವುದು ಮಡಿಕೆಯ ಅಡಿಯಲ್ಲಿ, ಬಗ್ಗಿಸದೆ ಕಾಣುವುದಿಲ್ಲ. ಇಂಪಲ್ಸ್ ನಳಿಕೆ, ಪೆಟ್ರೋಲ್ ನಳಿಕೆ, ಟ್ಯಾಂಕಿನೊಳಗಿನ ಫಿಲ್ಟರ್ ಹಳೆಯವಾದರೆ ಪರೀಕ್ಷೆಯ ಗೋಜಿಲ್ಲದೆ ಹೊಸದು ಹಾಕುವುದೇ ಒಳ್ಳೆಯದು. ಮೆಷಿನ್ ಹತ್ತು ನಿಮಿಷ ಚೆನ್ನಾಗಿ ಓಡಿ ಸಾಯುತ್ತಿದ್ದರೆ, ಟ್ಯಾಂಕ್ ಮುಚ್ಚಳ ಸಡಿಲಿಸಿದ ಕೂಡಲೇ ಮತ್ತೆ ಜೀವ ಬಂದರೆ, ಟ್ಯಾಂಕಿನ ಗಾಳಿ ಕಿಂಡಿ ಕಟ್ಟಿದೆ.

ಕಾರ್ಬುರೇಟರ್ ಮತ್ತು ಕಿಡಿ

ವಾಲ್‌ಬ್ರೋ, ಜಾಮಾ, ಟಿಲಟ್ಸನ್ ಮೂರೂ ಕಂಪನಿಗಳ ಕಾರ್ಬುರೇಟರ್‌ಗಳಲ್ಲಿ ಕೆಲಸದ ತತ್ವ ಒಂದೇ, ರಿಪೇರಿ ಕಿಟ್ ಮಾತ್ರ ಮಾಡೆಲ್ ಸಂಖ್ಯೆಗೆ ತಕ್ಕದ್ದೇ ಬೇಕು. ಡಯಾಫ್ರಂ ಬೆರಳಿಗೆ ಮೆತ್ತಗಿರಬೇಕು. ಒತ್ತಿದಾಗ ಚಟಪಟ ಸದ್ದು ಬಂದರೆ ಎಸೆಯಿರಿ. ಬಿಚ್ಚುವಾಗಲೇ ಪದರಗಳ ಕ್ರಮದ ಫೋಟೋ ತೆಗೆದಿಡಿ. ಹೆಚ್ಚಿನವುಗಳಲ್ಲಿ ಮೀಟರಿಂಗ್ (ಪೆಟ್ರೋಲ್ ಅಳೆದು ಬಿಡುವ) ಬದಿಗೆ ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಂ, ಪಂಪ್ ಬದಿಗೆ ಮೊದಲು ಡಯಾಫ್ರಂ, ಮೇಲೆ ಗ್ಯಾಸ್ಕೆಟ್ ಬರುತ್ತದೆ. ಕ್ರಮ ತಪ್ಪಿದರೆ ಮೆಷಿನ್ ಸ್ಟಾರ್ಟ್ ಆದರೂ ಸರಿಯಾಗಿ ಎಳೆಯುವುದಿಲ್ಲ. ಜೆಟ್ ತೂತುಗಳಿಗೆ ತಂತಿ ತೂರಿಸಬೇಡಿ, ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ಸೂಜಿಯ ಲಿವರ್ ಎತ್ತರ ಮಾಡೆಲ್‌ಗೆ ಹೇಳಿದಷ್ಟೇ ಇರಲಿ. ಎತ್ತರ ಹೆಚ್ಚಾದರೆ ಪೆಟ್ರೋಲ್ ಉಕ್ಕಿ ಪ್ಲಗ್ ನೆನೆಯುತ್ತದೆ, ಕಡಿಮೆಯಾದರೆ ದಿಮ್ಮಿಯ ನಡುವೆ ಎಂಜಿನ್ ಸೊರಗುತ್ತದೆ.

ಪ್ಲಗ್ ಅಂತರ 0.5 ಮಿ.ಮೀ. ಕಿಡಿ ಹುಟ್ಟಿಸುವ ಕಾಯಿಲ್ ಮತ್ತು ಫ್ಲೈವೀಲ್ ನಡುವಿನ ಅಂತರ ಸಾಮಾನ್ಯವಾಗಿ 0.2ರಿಂದ 0.3 ಮಿ.ಮೀ. ಗಟ್ಟಿ ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು, ಮ್ಯಾಗ್ನೆಟ್ ಎಳೆದು ಹಿಡಿದ ಮೇಲೆ ಸ್ಕ್ರೂ ಬಿಗಿದರೆ ಸರಿಸುಮಾರು ಅಷ್ಟೇ ಬರುತ್ತದೆ. ಪಾಯಿಂಟ್ಸ್ (ಕಿಡಿಗಾಗಿ ತೆರೆದು ಮುಚ್ಚುವ ಸಂಪರ್ಕ) ಇರುವ ತೀರಾ ಹಳೆಯದಾದರೆ ಪಾಯಿಂಟ್ ಅಂತರ ಸುಮಾರು 0.4 ಮಿ.ಮೀ. ಇಡಿ.

ಪೆಟ್ರೋಲ್‌ಗೆ ಒಳ್ಳೆಯ ಟು-ಸ್ಟ್ರೋಕ್ ಆಯಿಲ್, ಜಪಾನಿನ ಜಾಸೋ ಮಾನದಂಡದ ಎಫ್‌ಡಿ ದರ್ಜೆಯದ್ದು, ಲೀಟರಿಗೆ 20 ಮಿ.ಲೀ. ಹಾಕಿದರೆ 50:1 ಆಗುತ್ತದೆ. ಮಾರ್ಪಾಡು ಮಾಡಿ ಬಿಸಿ ಹೆಚ್ಚಾಗಲಿರುವ ಎಂಜಿನ್‌ಗೆ 25 ಮಿ.ಲೀ., ಅಂದರೆ 40:1 ಇರಲಿ ಎಂಬುದು ನಮ್ಮ ಸಲಹೆ. ಅಳತೆ ಬದಲಿಸಿದಾಗೆಲ್ಲ ಕಾರ್ಬುರೇಟರ್ ಮತ್ತೆ ಹೊಂದಿಸಬೇಕು. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್‌ನಲ್ಲಿ ಹರಿಯುವ ಪೆಟ್ರೋಲ್ ಕಡಿಮೆಯಾಗುತ್ತದೆ. ಕಲಸಿ ತಿಂಗಳಾದದ್ದನ್ನು ಬಳಸಬೇಡಿ.

ಕಿವಿಯಿಂದ ಟ್ಯೂನಿಂಗ್

ಫಿಲ್ಟರ್ ಶುಚಿಯಿರಲಿ, ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಮತ್ತು ಹರಿತವಾದ ಚೈನ್ ಹಾಕಿರಲಿ. ಪೆಟ್ರೋಲ್ ಹೊಂದಿಸುವ ಎಲ್ (ಕಡಿಮೆ ವೇಗದ) ಮತ್ತು ಎಚ್ (ಹೆಚ್ಚು ವೇಗದ) ಸ್ಕ್ರೂಗಳನ್ನು ಮೆಲ್ಲಗೆ ತಳ ಮುಟ್ಟಿಸಿ, ಎರಡನ್ನೂ ಒಂದೊಂದು ಸುತ್ತು ಬಿಚ್ಚಿ. ಜೋರಾಗಿ ಬಿಗಿದರೆ ಸೂಜಿಯ ತುದಿ ಕೂರುವ ಜಾಗ ಹಾಳಾಗಿ ಆಮೇಲೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಚೆನ್ನಾಗಿ ಬಿಸಿಯಾಗಲು ಬಿಡಿ.

ಮೊದಲು ಎಲ್. ನಿಧಾನ ಒಳಗೆ ತಿರುಗಿಸುತ್ತಾ ಐಡಲ್ ವೇಗ ಅತಿ ಹೆಚ್ಚಾಗುವ ಬಿಂದು ಹುಡುಕಿ, ಅಲ್ಲಿಂದ ಸುತ್ತಿನ ಎಂಟನೇ ಒಂದು ಭಾಗ ಅಥವಾ ಸ್ವಲ್ಪ ಹೆಚ್ಚು ಹೊರಗೆ ತನ್ನಿ. ಥ್ರಾಟಲ್ ಥಟ್ಟನೆ ಒತ್ತಿದರೆ ತೊದಲದೆ ಏರಬೇಕು. ತಡೆದು ಏರಿದರೆ ಇನ್ನೊಂದು ಚೂರು ಬಿಚ್ಚಿ. ಬಳಿಕ ಐಡಲ್ ವೇಗ ಹೊಂದಿಸುವ ಎಲ್‌ಎ ಸ್ಕ್ರೂನಿಂದ ಅದನ್ನು ಇಳಿಸಿ, ಚೈನ್ ಅಲುಗದೆ ನಿಲ್ಲುವಂತೆ ಮಾಡಿ. ಸಾಮಾನ್ಯವಾಗಿ 2,500ರಿಂದ 2,800 ಆರ್‌ಪಿಎಂ. ಎಚ್ ಮುಟ್ಟುವ ಮೊದಲೇ ಎಲ್ ಮುಗಿಸಲು ಕಾರಣವಿದೆ: ಪೂರ್ತಿ ಥ್ರಾಟಲ್‌ನಲ್ಲೂ ಎಲ್ ಮಾರ್ಗದಿಂದ ಪೆಟ್ರೋಲ್ ಹರಿಯುತ್ತಲೇ ಇರುತ್ತದೆ.

ಈಗ ಎಚ್. ಲೋಡ್ ಇಲ್ಲದೆ ಪೂರ್ತಿ ಥ್ರಾಟಲ್ ಎರಡು ಮೂರು ಸೆಕೆಂಡ್ ಮಾತ್ರ ಒತ್ತಿ. ರಿಚ್ (ಪೆಟ್ರೋಲ್ ಹೆಚ್ಚು) ಇದ್ದರೆ ಗುರ್ ಗುರ್ ಎಂದು ಒಡೆದ ಸದ್ದು ಬರುತ್ತದೆ, ಇದನ್ನೇ ಫೋರ್-ಸ್ಟ್ರೋಕಿಂಗ್ ಎನ್ನುವುದು. ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಸರಿಯಾಗಿ ಉರಿಯುವುದು ಸುತ್ತು ಬಿಟ್ಟು ಸುತ್ತು. ಸ್ಕ್ರೂ ಒಳಗೆ ತಿರುಗಿಸಿದಂತೆ ಆ ಒಡಕು ಮಾಯವಾಗಿ ತೀಕ್ಷ್ಣವಾದ ಕೀರಲು ಸದ್ದಾಗುತ್ತದೆ. ಅಲ್ಲಿ ನಿಲ್ಲಬೇಡಿ, ಒಡಕು ಮರಳುವವರೆಗೆ ಹಿಂದಕ್ಕೆ ಬನ್ನಿ. ಅಸಲಿ ಪರೀಕ್ಷೆ ಮರದಲ್ಲಿ. ದಿಮ್ಮಿಗೆ ಚೈನ್ ಇಳಿಸಿದಾಗ ಸದ್ದು ಸ್ವಚ್ಛವಾಗಬೇಕು, ಕೊಯ್ಯುತ್ತಲೇ ಬಾರನ್ನು ಕೊಂಚ ಮೇಲೆತ್ತಿ ಭಾರ ಕಡಿಮೆ ಮಾಡಿದ ಕ್ಷಣ ಗುರ್ ಗುರ್ ಮರಳಬೇಕು. ಎತ್ತಿದಾಗಲೂ ಕೀರಲೇ ಉಳಿದರೆ ಲೀನ್. ಮರದೊಳಗೂ ಗುರ್ ಗುರ್ ನಿಲ್ಲದಿದ್ದರೆ ರಿಚ್. ಕೀರಲು ಸದ್ದಿನಲ್ಲಿ ಮೆಷಿನ್ ಚುರುಕಾಗಿದೆ ಎನಿಸುತ್ತದೆ, ಪಿಸ್ಟನ್ ಸುಡುವುದೂ ಅಲ್ಲೇ.

ಟ್ಯಾಕೋಮೀಟರ್ ಇದ್ದರೆ ಕೈಪಿಡಿಯ ಗರಿಷ್ಠ ಆರ್‌ಪಿಎಂ ದಾಟದಂತೆ ನೋಡಿಕೊಳ್ಳಿ. ರೆವ್ ಲಿಮಿಟರ್ (ವೇಗ ಮಿತಿ ದಾಟದಂತೆ ಕಿಡಿ ತಪ್ಪಿಸುವ ವ್ಯವಸ್ಥೆ) ಇರುವ ಕಾಯಿಲ್ ಆದರೆ ಎಚ್ಚರ: ಕಿಡಿ ತಪ್ಪುವ ಸದ್ದೂ ಫೋರ್-ಸ್ಟ್ರೋಕಿಂಗ್‌ನಂತೆಯೇ ಕೇಳುತ್ತದೆ. ಚಳಿಯಲ್ಲಿ ಗಾಳಿ ದಟ್ಟವಾಗುವುದರಿಂದ ಬೇಸಿಗೆಯ ಹೊಂದಾಣಿಕೆ ಚಳಿಗಾಲಕ್ಕೆ ಲೀನ್ ಆಗುತ್ತದೆ.

ಸೈಲೆನ್ಸರ್

ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವ ಮಾರ್ಪಾಡು ಇದು. ಸೈಲೆನ್ಸರ್‌ನ ಒಟ್ಟು ಹೊರಬಾಯಿ ಎಕ್ಸಾಸ್ಟ್ ಪೋರ್ಟ್ ವಿಸ್ತೀರ್ಣದ 70ರಿಂದ 80 ಶೇಕಡಾ ಇದ್ದರೆ ಸಾಕು. ಅದಕ್ಕಿಂತ ದೊಡ್ಡದು ಮಾಡಿದರೆ ಬರುವುದು ಗದ್ದಲ ಮಾತ್ರ. ಪೋರ್ಟ್ ಅಗಲ 34, ಎತ್ತರ 16 ಮಿ.ಮೀ. ಎಂದಿಟ್ಟುಕೊಳ್ಳಿ. ಮೂಲೆಗಳ ದುಂಡು ಕಳೆದರೆ ಸುಮಾರು 500 ಚದರ ಮಿ.ಮೀ., ಅದರ ಮುಕ್ಕಾಲು 375. ಈಗಿರುವ ಬಾಯಿ 20 ಗುಣಿಸು 8, ಅಂದರೆ 160. ಕೊರತೆ 215. 12 ಮಿ.ಮೀ. ತೂತು ಒಂದಕ್ಕೆ 113 ಬರುವುದರಿಂದ ಎರಡು ತೂತು ಸರಿಹೋಗುತ್ತದೆ. ಒಳಗೆ ತಡೆತಗಡು ಇದ್ದರೆ ಅದರ ದಾರಿಯೂ ಅಷ್ಟೇ ದೊಡ್ಡದಿರಬೇಕು, ಆದರೆ ಬೋಲ್ಟ್ ಬಿಗಿದಾಗ ಸೈಲೆನ್ಸರ್ ಅಪ್ಪಚ್ಚಿಯಾಗದಂತೆ ತಡೆಯುವ ಆಧಾರವನ್ನು ತೆಗೆಯಬೇಡಿ.

ಸೈಲೆನ್ಸರ್ ಬಿಚ್ಚಿ ಹೊರಗಿಟ್ಟೇ ಕೊರೆಯಿರಿ, ಕಬ್ಬಿಣದ ಪುಡಿ ಒಂದು ಕಣವೂ ಉಳಿಯದಂತೆ ತೊಳೆಯಿರಿ. ಹೊಗೆ ಕೈ, ಪ್ಲಾಸ್ಟಿಕ್ ಮತ್ತು ಟ್ಯಾಂಕ್ ಕಡೆಗೆ ತಿರುಗದಿರಲಿ. ಹೊಸ ಬಾಯಿಗೂ ಕಿಡಿ ತಡೆಯುವ ಸ್ಟೇನ್‌ಲೆಸ್ ಜಾಲರಿ ಕೂರಿಸಿ, ಒಣ ಎಲೆಯ ಮೇಲೆ ಬಿದ್ದ ಒಂದು ಕಿಡಿ ಸಾಕು ಬೆಂಕಿಗೆ. ಕ್ಯಾಟಲಿಟಿಕ್ (ಹೊಗೆ ಶುದ್ಧಗೊಳಿಸುವ) ಸೈಲೆನ್ಸರ್ ಆದರೆ ಮುಟ್ಟಬೇಡಿ. ಕೊರೆದ ಮೇಲೆ ಮೆಷಿನ್ ಸ್ಟಾರ್ಟ್ ಮಾಡುವ ಮೊದಲೇ ಎಚ್ ಸ್ಕ್ರೂ ಕಾಲು ಸುತ್ತು ಬಿಚ್ಚಿ, ಆಮೇಲೆ ಮರದಲ್ಲಿ ಹೊಂದಿಸಿ. ಎಚ್ ಸ್ಕ್ರೂ ಇಲ್ಲದ, ಜೆಟ್ ಅಳತೆ ಬದಲಿಸಲಾಗದ ಕಾರ್ಬುರೇಟರ್ ಇದ್ದರೆ ಈ ಕೆಲಸವೇ ಬೇಡ.

ಬೇಸ್ ಗ್ಯಾಸ್ಕೆಟ್, ಟೈಮಿಂಗ್, ದೊಡ್ಡ ಬೋರ್

ಸಿಲಿಂಡರ್ ಅಡಿಯ ಗ್ಯಾಸ್ಕೆಟ್ ತೆಗೆದರೆ ಕಂಪ್ರೆಷನ್ ಏರುತ್ತದೆ, ಎಕ್ಸಾಸ್ಟ್ ತಡವಾಗಿ ತೆರೆಯುವುದರಿಂದ ಎಳೆತವೂ ಹೆಚ್ಚುತ್ತದೆ. ಮೊದಲು ಸ್ಕ್ವಿಶ್ (ಪಿಸ್ಟನ್ ತುದಿಗೇರಿದಾಗ ಅದಕ್ಕೂ ಸಿಲಿಂಡರ್ ಹೆಡ್‌ಗೂ ನಡುವೆ ಉಳಿಯುವ ಸಂದು) ಅಳೆಯಿರಿ. ಪ್ಲಗ್ ತೂತಿನಿಂದ 1.5 ಮಿ.ಮೀ. ಬೆಸುಗೆ ತಂತಿಯನ್ನು ಬೋರ್ ಗೋಡೆ ಮುಟ್ಟುವಂತೆ ಒಳಬಿಟ್ಟು, ಪಿಸ್ಟನ್ನನ್ನು ತುದಿಯವರೆಗೆ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಿರಿ. ತಂತಿ ಗಜನ್ ಪಿನ್‌ನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ಪಿನ್‌ನ) ನೇರದಲ್ಲಿರಬೇಕು, ಬೇರೆ ಕಡೆ ಪಿಸ್ಟನ್ ಓಲಾಡಿ ಅಳತೆ ಸುಳ್ಳಾಗುತ್ತದೆ. 1.1 ಮಿ.ಮೀ. ಬಂದು ಗ್ಯಾಸ್ಕೆಟ್ 0.5 ದಪ್ಪವಿದ್ದರೆ ಉಳಿಯುವುದು 0.6, ಧಾರಾಳವಾಗಿ ತೆಗೆಯಬಹುದು. 0.9 ಬಂದರೆ ಉಳಿಯುವುದು 0.4, ವೇಗದಲ್ಲಿ ಪಿಸ್ಟನ್ ಹೆಡ್‌ಗೆ ಬಡಿಯುವ ಅಪಾಯವಿದೆ, ಬಿಡಿ. ಕೂರಿಸುವಾಗ ಪೆಟ್ರೋಲ್ ತಡೆಯುವ ಸೀಲೆಂಟ್ ತೆಳುವಾಗಿ ಸವರಿ, ಬೋಲ್ಟ್‌ಗಳನ್ನು ಎದುರುಬದುರು ಬಿಗಿದು, ಸೋರಿಕೆ ಪರೀಕ್ಷೆ ಮತ್ತೆ ಮಾಡಿ.

ಟೈಮಿಂಗ್ ಮುಂದಕ್ಕೆ ತರಲು, ಅಂದರೆ ಕಿಡಿ ಇನ್ನಷ್ಟು ಬೇಗ ಹಾರುವಂತೆ ಮಾಡಲು, ಫ್ಲೈವೀಲ್‌ನ ಕೀಯನ್ನು ಅರದಿಂದ ಉಜ್ಜಿ, ಫ್ಲೈವೀಲ್ ತಿರುಗುವ ದಿಕ್ಕಿನಲ್ಲೇ ಚೂರು ಮುಂದೆ ಕೂರಿಸುತ್ತಾರೆ. ಶಾಫ್ಟ್ 12 ಮಿ.ಮೀ. ಇದ್ದರೆ 0.5 ಮಿ.ಮೀ.ಗೆ ಸುಮಾರು ಐದು ಡಿಗ್ರಿ ಆಗುತ್ತದೆ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಸ್ಟಾರ್ಟರ್ ಹಗ್ಗ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಪೋರ್ಟ್ ಅಗಲಿಸುವುದು ಡಿಗ್ರಿ ಚಕ್ರವಿಟ್ಟು ಅಳೆದು ಮಾಡುವ ಬೇರೆಯೇ ಕಸುಬು, ಒಂದೇ ಸಿಲಿಂಡರ್ ಇರುವವರು ಅದರ ಮೇಲೆ ಪ್ರಯೋಗ ಮಾಡಬಾರದು.

ಕೆಲವು ಹಳೆ ಮಾಡೆಲ್‌ಗಳಲ್ಲಿ ಸುಲಭದ ದಾರಿ ಇದೆ. ಹುಸ್ಕ್ವಾರ್ನಾ 61, 268, 272 ಮೂರರದ್ದೂ 34 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಬೋರ್ (ಸಿಲಿಂಡರ್ ಒಳವ್ಯಾಸ) ಮಾತ್ರ ಕ್ರಮವಾಗಿ 48, 50, 52. 61ರ ಮೇಲೆ 272ರ ಸಿಲಿಂಡರ್ ಮತ್ತು ಪಿಸ್ಟನ್ ಕೂರಿಸಿದರೆ 61.5 ಸಿಸಿ ಇದ್ದದ್ದು 72 ಸಿಸಿ ಆಗುತ್ತದೆ.

ಬಲ ಮರಕ್ಕೆ ತಲುಪಬೇಕು

3/8 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನ್‌ಗೆ 5.5 ಮಿ.ಮೀ. ದುಂಡು ಅರ, 0.325ಕ್ಕೆ 4.8, ಲೋ-ಪ್ರೊಫೈಲ್ 3/8ಕ್ಕೆ 4.0. ಕೋನ 25ರಿಂದ 30 ಡಿಗ್ರಿ. ಹಲ್ಲಿನ ಮುಂದಿನ ಡೆಪ್ತ್ ಗೇಜ್ (ಹಲ್ಲು ಕಚ್ಚುವ ಆಳ ನಿಗದಿಮಾಡುವ ಏಣು) ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಲಿ. ಇದನ್ನು ಹೆಚ್ಚು ತಗ್ಗಿಸಿದರೆ ಮೆಷಿನ್ ಕಚ್ಚಿ ಎಳೆಯುತ್ತದೆ, ಕಿಕ್‌ಬ್ಯಾಕ್ (ಬಾರ್ ಥಟ್ಟನೆ ನಮ್ಮತ್ತ ಚಿಮ್ಮುವುದು) ಕೂಡ ಹೆಚ್ಚುತ್ತದೆ. ಬೂದಿಯಂಥ ಪುಡಿ ಉದುರುತ್ತಿದ್ದರೆ ದೋಷ ಎಂಜಿನ್‌ನದ್ದಲ್ಲ, ಚೈನ್ ಮೊಂಡಾಗಿದೆ.

ಏಳು ಹಲ್ಲಿನ ಸ್ಪ್ರಾಕೆಟ್ ಬದಲು ಎಂಟು ಹಲ್ಲಿನದು ಹಾಕಿದರೆ ಚೈನ್ ವೇಗ ಶೇ. 14 ಏರಿ ಎಳೆತ ಶೇ. 12.5 ಇಳಿಯುತ್ತದೆ. ಚಿಕ್ಕ ಬಾರ್, ಮೆದು ಮರ ಇದ್ದಾಗ ಲಾಭ, ಉದ್ದ ಬಾರ್‌ನಲ್ಲಿ ಗಟ್ಟಿ ಮರ ಕೊಯ್ಯುವಾಗ ನಷ್ಟ. ಚೈನ್ ವೇಗ ಏರಿದ ಮೇಲೆ ಬಾರ್ ಆಯಿಲ್ ಸಾಲುತ್ತಿದೆಯೇ ಎಂದು ತುದಿಯನ್ನು ಬಿಳಿ ರಟ್ಟಿನ ಮುಂದೆ ಹಿಡಿದು ನೋಡಿ. ಆಯಿಲ್ ಗೆರೆ ಮೂಡದಿದ್ದರೆ ಪಂಪ್ ಹೆಚ್ಚಿಸಿ.

ಮಾರ್ಪಾಡಿನ ನಂತರದ ಮೂರು ನಾಲ್ಕು ಟ್ಯಾಂಕ್‌ಗಳವರೆಗೆ ಪ್ರತಿ ಸಲ ಎಂಜಿನ್ ತಣಿದ ಮೇಲೆ ಸೈಲೆನ್ಸರ್ ಬೋಲ್ಟ್ ಬಿಗಿದು, ಪ್ಲಗ್ ತೆಗೆದು ನೋಡಿ. ತಿಳಿ ಕಂದು ಬಣ್ಣ ಸರಿ, ಕಪ್ಪು ಒದ್ದೆಯಾದರೆ ರಿಚ್, ಬಿಳಿಚಿಕೊಂಡಿದ್ದರೆ ಎಚ್ ಸ್ಕ್ರೂ ಬಿಚ್ಚುವವರೆಗೆ ಮತ್ತೆ ಸ್ಟಾರ್ಟ್ ಮಾಡಬೇಡಿ.