ನಾಲ್ಕು ಮೂಲೆಯಿಂದ ಹಾಡು: ಕ್ವಾಡ್ ಡಿಸ್ಕ್ ಸಂಗ್ರಹ ಶುರು ಮಾಡುವುದು ಹೇಗೆ?

ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ಮನ್ನು ನೀವು ನೂರು ಸಲ ಕೇಳಿರಬಹುದು. ಅದರ 'ಟೈಮ್' ಹಾಡಿನ ಶುರುವಿನಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವಲ್ಲ, ಅದನ್ನು ಒಂದೇ ಒಂದು ಸಲ ನಾಲ್ಕು ಸ್ಪೀಕರ್‌ಗಳ ನಡುವೆ ಕೂತು ಕೇಳಿ. ಗಡಿಯಾರದ ಅಂಗಡಿಯೊಳಗೇ ನಿಂತ ಹಾಗಾಗುತ್ತದೆ. ಸೌಂಡ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಸಾಮಾನಿನ ಅಂಗಡಿಗೆ ಹೋಗಿ ಒಂದೊಂದು ಗಡಿಯಾರವನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೇ ಕ್ವಾಡ್ ಧ್ವನಿ ಹೇಗಿರುತ್ತದೆ ಎಂದು ತೋರಿಸುವ ಒಂದು ಡೆಮೊ ರೆಕಾರ್ಡಿಗಾಗಿ. ಆಮೇಲೆ ಅದು ಈ ಹಾಡಿಗೆ ಬಂತು.

ಕ್ವಾಡ್ ಅಂದರೆ ಕ್ವಾಡ್ರಾಫೋನಿಕ್. ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಚಾನೆಲ್, ಅಂದರೆ ಒಂದೊಂದು ಸ್ಪೀಕರಿಗೂ ಬೇರೆಯದೇ ಧ್ವನಿ. 1970ರ ದಶಕದ ಮೊದಲ ಅರ್ಧದಲ್ಲಿ ದೊಡ್ಡ ಕಂಪನಿಗಳೆಲ್ಲ ಇದರ ಹಿಂದೆ ಬಿದ್ದಿದ್ದವು. ತೊಂದರೆ ಇದ್ದದ್ದು ಎಲ್‌ಪಿ ತಟ್ಟೆಯಲ್ಲಿ. ಅದರ ಗೆರೆಯಲ್ಲಿ ಸಲೀಸಾಗಿ ಹಿಡಿಸುವುದು ಎರಡೇ ಚಾನೆಲ್. ನಾಲ್ಕನ್ನು ತುರುಕಲು ಸಿಬಿಎಸ್ ಕಂಪನಿ ಎಸ್‌ಕ್ಯೂ ಅಂತ ಒಂದು ದಾರಿ ಹಿಡಿಯಿತು, ಸಾನ್ಸೂಯಿ ಕ್ಯೂಎಸ್ ಅಂತ ಇನ್ನೊಂದು, ಜೆವಿಸಿ ಮತ್ತು ಆರ್‌ಸಿಎ ಸಿಡಿ-4 ಅಂತ ಮತ್ತೊಂದು. ತಟ್ಟೆಯ ಧ್ವನಿಯನ್ನು ಮತ್ತೆ ನಾಲ್ಕಾಗಿ ಬಿಡಿಸುವ ಪೆಟ್ಟಿಗೆಗೆ ಡಿಕೋಡರ್ ಅನ್ನುತ್ತಾರೆ, ಒಂದಕ್ಕೆ ಕೊಂಡ ಡಿಕೋಡರ್ ಇನ್ನೊಂದಕ್ಕೆ ಸರಿಹೊಂದದು. ಸಿಡಿ-4ಕ್ಕಂತೂ ವಿಶೇಷ ಮುಳ್ಳೇ ಬೇಕಿತ್ತು. ಜನ ಬೇಸತ್ತರು, ಆ ದಶಕ ಮುಗಿಯುವ ಮೊದಲೇ ಕ್ವಾಡ್ ಅಂಗಡಿಗಳಿಂದ ಮಾಯವಾಯಿತು.

ಆದರೆ ಸ್ಟುಡಿಯೊದಲ್ಲಿ ಮಾಡಿದ ನಾಲ್ಕು ಚಾನೆಲ್ಲಿನ ಮಾಸ್ಟರ್ ಟೇಪುಗಳು ಎಷ್ಟೋ ಉಳಿದುಕೊಂಡವು. ಇವತ್ತು ಬರುತ್ತಿರುವ ಮರುಬಿಡುಗಡೆಗಳು ಆ ಟೇಪಿನಿಂದಲೇ ನೇರವಾಗಿ ಡಿಸ್ಕಿಗೆ ಇಳಿದಂಥವು. ಡಿಕೋಡರ್ ಬೇಡ, ಮುಳ್ಳು ಬೇಡ. ಹಾಗಾಗಿ ಹೊಸಬರಿಗೆ ನನ್ನ ಮೊದಲ ಮಾತು: ಹಳೇ ಕ್ವಾಡ್ ಎಲ್‌ಪಿಗಳ ಗೋಜಿಗೆ ಈಗಲೇ ಹೋಗಬೇಡಿ. ಡಿಸ್ಕಿನಿಂದ ಶುರು ಮಾಡಿ.

ಮೊದಲು ಪ್ಲೇಯರ್

ಈ ಡಿಸ್ಕುಗಳು ಮುಖ್ಯವಾಗಿ ಎರಡು ಬಗೆ. ಒಂದು ಬ್ಲೂ-ರೇ, ಇನ್ನೊಂದು ಎಸ್‌ಎಸಿಡಿ, ಅಂದರೆ ಸೂಪರ್ ಆಡಿಯೊ ಸಿಡಿ. ಬ್ಲೂ-ರೇ ಯಾವ ಬ್ಲೂ-ರೇ ಪ್ಲೇಯರಿನಲ್ಲೂ ಓಡುತ್ತದೆ. ಎಸ್‌ಎಸಿಡಿ ಹಾಗಲ್ಲ. ಅದನ್ನು ಓದುವ ಪ್ಲೇಯರ್ ಹುಡುಕಿಯೇ ಕೊಳ್ಳಬೇಕು. ಸೋನಿಯ ಯುಬಿಪಿ-ಎಕ್ಸ್800 ಎರಡನ್ನೂ ಓದುತ್ತದೆ, ಡಿವಿಡಿ-ಆಡಿಯೊ ಕೂಡ. ಒಪ್ಪೊ ಕಂಪನಿ 2018ರಲ್ಲಿ ಪ್ಲೇಯರ್ ಮಾಡುವುದನ್ನೇ ನಿಲ್ಲಿಸಿತು, ಆದರೂ ಅದರ ಸೆಕೆಂಡ್ ಹ್ಯಾಂಡ್ ಪ್ಲೇಯರ್‌ಗಳಿಗೆ ಇವತ್ತಿಗೂ ಬೇಡಿಕೆ ಇದೆ.

ಪ್ಲೇಯರಿನಿಂದ ರಿಸೀವರಿಗೆ, ಅಂದರೆ ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆಗೆ, ಎಚ್‌ಡಿಎಂಐ ಕೇಬಲ್ಲೇ ಹಾಕಿ. ಆಪ್ಟಿಕಲ್ ಕೇಬಲ್ಲಿನಲ್ಲಿ ಎಸ್‌ಎಸಿಡಿಯ ನಾಲ್ಕು ಚಾನೆಲ್ ಬರುವುದಿಲ್ಲ. ಮನೆಯಲ್ಲಿ 5.1 (ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಜೊತೆಗೊಂದು ಸಬ್‌ವೂಫರ್) ಹೋಮ್ ಥಿಯೇಟರ್ ರಿಸೀವರ್ ಇದ್ದರೆ ಅದೇ ಸಾಕು. ಸೌಂಡ್‌ಬಾರ್ ನಂಬಿಕೊಂಡು ಈ ಸಂಗ್ರಹಕ್ಕೆ ಕೈ ಹಾಕಬೇಡಿ.

ಆಮೇಲೆ ಕೋಣೆ

ಡಿಸ್ಕಿಗೆ ದುಡ್ಡು ಹಾಕುವ ಮೊದಲು ಒಂದು ಭಾನುವಾರ ಕೋಣೆಗೆ ಕೊಡಿ. ಸಿನಿಮಾದಲ್ಲಿ ಹಿಂದಿನ ಸ್ಪೀಕರಿಗೆ ಮಳೆ, ಗಾಡಿ, ಗಲಾಟೆ ಇಂಥ ಚೂರುಪಾರು ಕೆಲಸ. ಕ್ವಾಡ್‌ನಲ್ಲಿ ಹಾಗಲ್ಲ, ಇಡೀ ಗಿಟಾರ್, ಇಡೀ ಕಹಳೆ ತಂಡ ಹಿಂದೆ ಕೂತಿರುತ್ತದೆ. ಗೋಡೆಗೆ ನೇತುಹಾಕಿದ ಪುಟ್ಟ ಡಬ್ಬಿಗಳಿಂದ ಅದು ಆಗುವ ಕೆಲಸವಲ್ಲ. ನಾಲ್ಕೂ ಒಂದೇ ಮಾಡೆಲ್ ಸ್ಪೀಕರ್ ಇದ್ದರೆ ತುಂಬ ಒಳ್ಳೆಯದು, ಇಲ್ಲದಿದ್ದರೆ ಒಂದೇ ಕಂಪನಿಯವಾದರೂ ಇರಲಿ.

ನಾನು ಮಾಡುವುದು ಹೀಗೆ. ಕೂರುವ ಕುರ್ಚಿಯ ತಲೆಯೊರಗಿಗೆ ಒಂದು ದಾರ ಕಟ್ಟುತ್ತೇನೆ. ಅದನ್ನು ಮುಂದಿನ ಎಡ ಸ್ಪೀಕರಿನ ತನಕ ಎಳೆದು, ಮುಟ್ಟಿದಲ್ಲಿ ಗಂಟು ಹಾಕುತ್ತೇನೆ. ಉಳಿದ ಮೂರೂ ಸ್ಪೀಕರ್ ಅದೇ ಗಂಟಿಗೆ ಬರಬೇಕು, ನಾಲ್ಕೂ ಸೇರಿ ಚೌಕ ಆಗಬೇಕು. ಬಂದ ಮೇಲೆ ಸ್ಟ್ಯಾಂಡಿನ ಕಾಲಿನ ಸುತ್ತ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿಬಿಡಿ. ಮನೆ ಗುಡಿಸುವಾಗ ಸರಿದರೂ ವಾಪಸ್ ಇಡುವುದು ಸುಲಭ.

ರಿಸೀವರಿನಲ್ಲಿ ಸ್ಟೀರಿಯೊವನ್ನು ಹಿಗ್ಗಿಸುವ ಸರೌಂಡ್ ಮೋಡ್‌ಗಳನ್ನೆಲ್ಲ ಆಫ್ ಮಾಡಿ. ಡಿಸ್ಕಿನಲ್ಲಿ ಏನಿದೆಯೋ ಅದು ಮಾತ್ರ ಬರಲಿ. ನಡುವಿನ ಸ್ಪೀಕರ್ ಸುಮ್ನೆ ಕೂತಿದ್ದರೆ ಗಾಬರಿಯಾಗಬೇಡಿ, ಕ್ವಾಡ್‌ನಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಈಗ ಕೊಳ್ಳುವ ವಿಷಯ

ಇಂಗ್ಲೆಂಡಿನ ಡಟನ್ ವೊಕೇಲಿಯನ್ ಕಂಪನಿ ನನ್ನ ಮೊದಲ ಆಯ್ಕೆ. ಸಿಬಿಎಸ್ ಮತ್ತು ಆರ್‌ಸಿಎ ಕಾಲದ ಕ್ವಾಡ್ ಆಲ್ಬಮ್ಮುಗಳನ್ನು, ಹೆಚ್ಚಾಗಿ ಎರಡೆರಡು ಸೇರಿಸಿ, ಒಂದೇ ಎಸ್‌ಎಸಿಡಿಯಲ್ಲಿ ಕೊಡುತ್ತಾರೆ. ಇವು ಹೈಬ್ರಿಡ್ ಡಿಸ್ಕುಗಳು. ಮಾಮೂಲಿ ಸಿಡಿ ಪ್ಲೇಯರಿಗೆ ಹಾಕಿದರೂ ಸ್ಟೀರಿಯೊ ಕೇಳುತ್ತದೆ. ಅಮೆರಿಕದ ರೈನೊ ಕಂಪನಿ 'ಕ್ವಾಡಿಯೊ' ಎಂಬ ಹೆಸರಿನಲ್ಲಿ ಬ್ಲೂ-ರೇಗಳನ್ನು ತರುತ್ತಿದೆ. ಚಿಕಾಗೊ ತಂಡದ 9 ಬ್ಲೂ-ರೇಗಳ ಕ್ವಾಡಿಯೊ ಪೆಟ್ಟಿಗೆ 2016ರಲ್ಲಿ ಬಂತು. ಕಹಳೆ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ ಅಂತ ಬಿಡಿಸಿ ಕೇಳುವ ಖುಷಿಗೆ ಅದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. ಬ್ಲ್ಯಾಕ್ ಸಬ್ಬತ್ ತಂಡದ 'ಪ್ಯಾರನಾಯ್ಡ್' ಕೂಡ ಇದೇ ಸರಣಿಯಲ್ಲಿದೆ.

ಜಪಾನಿನ ಸೋನಿಯದು ಬೇರೆಯೇ ಲೋಕ. ಸಾಂಟಾನಾ ತಂಡ 1973ರಲ್ಲಿ ಒಸಾಕಾದಲ್ಲಿ ನಡೆಸಿದ ಕಛೇರಿಯ 'ಲೋಟಸ್' ಆಲ್ಬಮ್ಮನ್ನು ಅವರು 2017ರಲ್ಲಿ ಎಸ್‌ಎಸಿಡಿಯಾಗಿ ತಂದರು. ಅದರ ಹೊದಿಕೆ ಕಲಾವಿದ ಟಡನೊರಿ ಯೊಕೊ ಅವರದು. ಒಂದೊಂದೇ ಮಡಿಕೆ ಬಿಚ್ಚುತ್ತ ಹೋದರೆ 22 ಭಾಗಗಳಾಗಿ ಮೇಜಿನಾಚೆಗೂ ಹರಡಿಕೊಳ್ಳುತ್ತದೆ. ಬೆಲೆ ಜಾಸ್ತಿ, ಆದರೆ ಕೈಯಲ್ಲಿ ಹಿಡಿದಾಗ ಕೊಟ್ಟ ದುಡ್ಡಿನ ಬಗ್ಗೆ ಬೇಸರ ಆಗುವುದಿಲ್ಲ. ಮಹಾವಿಷ್ಣು ಆರ್ಕೆಸ್ಟ್ರಾದ 'ಬರ್ಡ್ಸ್ ಆಫ್ ಫೈರ್' ಕ್ವಾಡ್ ಮಿಕ್ಸನ್ನು (ಯಾವ ವಾದ್ಯ ಯಾವ ಚಾನೆಲ್ಲಿನಲ್ಲಿ ಎಷ್ಟು ಕೇಳಬೇಕು ಅಂತ ಹೊಂದಿಸಿದ್ದೇ ಮಿಕ್ಸ್) ಅಮೆರಿಕದ ಆಡಿಯೊ ಫಿಡೆಲಿಟಿ ತಂದಿತ್ತು. ಆ ಕಂಪನಿ ಈಗ ಇಲ್ಲ, ಹಾಗಾಗಿ ಅದರ ಡಿಸ್ಕುಗಳನ್ನು ಸೆಕೆಂಡ್ ಹ್ಯಾಂಡಿನಲ್ಲೇ ಹುಡುಕಬೇಕು.

ಹಣ ಕಟ್ಟುವ ಮೊದಲು ಒಂದು ಕೆಲಸ ಮಾಡಿ, ಇದನ್ನು ಮರೆಯಲೇಬೇಡಿ. ಹಿಂಬದಿಯ ಫೋಟೊ ಕೇಳಿ. ಎಸ್‌ಎಸಿಡಿ ಅಂದ ಕೂಡಲೇ ನಾಲ್ಕು ಚಾನೆಲ್ ಇರಬೇಕೆಂದೇನಿಲ್ಲ, ಬರೀ ಸ್ಟೀರಿಯೊ ಇರುವ ಎಸ್‌ಎಸಿಡಿಗಳೇ ರಾಶಿ ಇವೆ. ನನಗೆ ಒಬ್ಬ ಮಾರಾಟಗಾರ ಕ್ವಾಡ್ ಅಂತಲೇ ಹೇಳಿ ಒಂದು ಡಿಸ್ಕ್ ಕಳಿಸಿದ. ಅಂಚೆ, ಸುಂಕ ಎಲ್ಲ ಕಟ್ಟಿ, ಆಸೆಯಿಂದ ಹಾಕಿ ಕೂತೆ. ಹಿಂದಿನ ಎರಡು ಸ್ಪೀಕರ್ ಪಿಟಿಕ್ ಅನ್ನಲಿಲ್ಲ. ಎದ್ದು ಹೋಗಿ ಕಿವಿ ಕೊಟ್ಟು ನೋಡಿದೆ, ಕೇಬಲ್ ಬಿಚ್ಚಿ ಮತ್ತೆ ಹಾಕಿದೆ, ಕೊನೆಗೆ ಕವರ್ ತಿರುಗಿಸಿದರೆ ಮಲ್ಟಿ-ಚಾನೆಲ್ ಗುರುತೇ ಇರಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಆ ಗುರುತು ಫೋಟೊದಲ್ಲಿ ಕಾಣದೆ ನಾನೀಗ ಒಂದು ರೂಪಾಯಿಯನ್ನೂ ಕಳಿಸುವುದಿಲ್ಲ.

ಇನ್ನೊಂದು, 5.1 ಬೇರೆ, ಕ್ವಾಡ್ ಬೇರೆ. 'ಡಾರ್ಕ್ ಸೈಡ್' ಎಸ್‌ಎಸಿಡಿ 2003ರಲ್ಲಿ ಬಂತಲ್ವಾ, ಅದರಲ್ಲಿರುವುದು ಸೌಂಡ್ ಎಂಜಿನಿಯರ್ ಜೇಮ್ಸ್ ಗತ್ರಿ ಹೊಸದಾಗಿ ಮಾಡಿದ 5.1 ಮಿಕ್ಸ್. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ 1973ರ ಪಾರ್ಸನ್ಸ್ ಅವರ ಕ್ವಾಡ್ ಮಿಕ್ಸ್ ಬೇಕೆಂದರೆ 2011ರ ದೊಡ್ಡ 'ಇಮ್ಮರ್ಶನ್' ಪೆಟ್ಟಿಗೆಯನ್ನೇ ಹಿಡಿಯಬೇಕು. ನನಗಂತೂ ಆ ಕಾಲದ ಎಂಜಿನಿಯರ್‌ಗಳು, ಯಾರೂ ದಾರಿ ತೋರಿಸಿರದಾಗ, ತೋಚಿದ್ದನ್ನು ತೋಚಿದ ಮೂಲೆಗೆ ಇಟ್ಟು ನೋಡಿದ ಆ ಧೈರ್ಯವೇ ಹೆಚ್ಚು ಇಷ್ಟ.

ಡಿಸ್ಕ್ ಬಂದ ದಿನವೇ ಪೂರ್ತಿ ಕೇಳಿಬಿಡಿ. ಒಂದೊಂದು ಸ್ಪೀಕರಿನ ಹತ್ತಿರವೂ ಹೋಗಿ ನಿಂತು, ನಾಲ್ಕರಲ್ಲೂ ಬೇರೆ ಬೇರೆ ವಾದ್ಯ ಬರುತ್ತಿದೆಯಾ ನೋಡಿ. ದೋಷ ಇದ್ದರೆ ವಾಪಸ್ ಕಳಿಸುವ ಗಡುವಿನೊಳಗೇ ಗೊತ್ತಾಗುತ್ತದೆ. ಆಮೇಲೆ ಫೋನಿನಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳಿ: ಆಲ್ಬಮ್, ಕಂಪನಿ, ಡಿಸ್ಕಿನ ಬಗೆ, ಕೊಟ್ಟ ಬೆಲೆ. ಒಂದೇ ಡಿಸ್ಕಿನಲ್ಲಿ ಎರಡು ಆಲ್ಬಮ್ ಇರುವುದರಿಂದ, ಇದ್ದದ್ದನ್ನೇ ಮತ್ತೆ ಕೊಳ್ಳುವುದು ತುಂಬ ಸುಲಭ. ಹಾಗೆ ಜೋಡಿಯಾದದ್ದನ್ನು ಮಾರಬೇಡಿ, ನಿಮ್ಮ ಹತ್ತಿರ ಇಲ್ಲದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಿ. ಇವು ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗುತ್ತವೆ, ನೀವು ಹುಡುಕುತ್ತಿರುವುದು ಇನ್ನೊಬ್ಬರ ಕಪಾಟಿನಲ್ಲಿ ಜೋಡಿಯಾಗಿ ಕೂತಿರುತ್ತದೆ.