‘ಬಳಿಸತಕ್ಕದ್ದು’ ಸರಿ, ಬಳಿಸೋದು ಯಾರು?

ಬಾಡಿಗೆ ಕರಾರಿಗೆ ಸಹಿ ಹಾಕುವ ದಿನ ನಾವು ನೋಡುವುದು ಎರಡೇ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು. ಉಳಿದದ್ದೆಲ್ಲ ಟೈಪಿಂಗ್ ಅಂಗಡಿಯ ಹಳೇ ಫೈಲು, ಹೆಸರು ವಿಳಾಸ ಮಾತ್ರ ಹೊಸದು. ಜಗಳ ಹುಟ್ಟುವುದು ಅಲ್ಲೇ.

ನನ್ನ ಹಿಂದಿನ ಕರಾರಿನಲ್ಲಿ ‘ಮನೆ ಖಾಲಿ ಮಾಡುವಾಗ ಬಣ್ಣ ಬಳಿಸತಕ್ಕದ್ದು’ ಎಂದಿತ್ತು. ಮಾಲೀಕರು ‘ನೀವು ಬಳಿಸಬೇಕು’ ಅಂದರು, ನಾನು ‘ನೀವು’ ಅಂದೆ. ದುಡ್ಡು ಇದ್ದದ್ದು ಅವರ ಕೈಯಲ್ಲಿ. ಅಡ್ವಾನ್ಸಿನಲ್ಲಿ 30,000 ರೂಪಾಯಿ ಮುರಿದುಕೊಂಡೇ ಬಿಟ್ಟರು. ‘ತಕ್ಕದ್ದು’ ಅನ್ನುವ ಪದದ ಗುಣವೇ ಅದು. ಕೆಲಸ ಹೇಳುತ್ತದೆ, ಮಾಡುವವರ ಹೆಸರು ಹೇಳುವುದಿಲ್ಲ.

ಹಾಗಾಗಿ ಕರಡು ಕೈಗೆ ಬಂದ ಕೂಡಲೇ ‘ತಕ್ಕದ್ದು’ ಇರುವಲ್ಲೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಪ್ರತಿ ಸಾಲಿಗೂ ‘ಮಾಲೀಕರು’ ಅಥವಾ ‘ಬಾಡಿಗೆದಾರರು’ ಎಂದು ಸೇರಿಸಿ. ‘ಸದರಿಯವರು’ ಎಂದಿದ್ದರೆ ಹೊಡೆದು ಹಾಕಿ. ಅದು ಇಬ್ಬರಲ್ಲಿ ಯಾರು ಬೇಕಾದರೂ ಆಗಬಹುದು. ನನ್ನ ಈಗಿನ ಕರಾರಿನ ಸಾಲು ಹೀಗಿದೆ: ‘ಮನೆ ಖಾಲಿಯಾದ ಮೇಲೆ ಮಾಲೀಕರು ಬಣ್ಣ ಹೊಡೆಸುತ್ತಾರೆ. ಅದಕ್ಕೆ ಬಾಡಿಗೆದಾರರ ಅಡ್ವಾನ್ಸಿನಲ್ಲಿ 20,000 ರೂಪಾಯಿ ಮಾತ್ರ ಹಿಡಿದುಕೊಳ್ಳುತ್ತಾರೆ.’ ಆ ‘ಮಾತ್ರ’ವನ್ನು ಕೇಳಿ ಹಾಕಿಸಿಕೊಂಡಿದ್ದೇನೆ.

ಆಮೇಲೆ ಮೆತ್ತನೆ ಪದಗಳನ್ನು ಹುಡುಕಿ. ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು’ ಎಂದಿರುತ್ತದೆ. ನಲ್ಲಿಯ ವಾಷರ್ ಸಣ್ಣದು, ಒಪ್ಪಿದೆ. ಸಂಪಿನ ಮೋಟರ್ ಸುಟ್ಟರೆ? ಅಂಕಿ ಹಾಕಿ: ‘ಒಂದು ಸಲಕ್ಕೆ 1,000 ರೂಪಾಯಿವರೆಗಿನ ರಿಪೇರಿ ಬಾಡಿಗೆದಾರರದ್ದು. ಅದಕ್ಕಿಂತ ಜಾಸ್ತಿಯಾದರೆ ಪೂರ್ತಿ ಖರ್ಚು ಮಾಲೀಕರದ್ದು.’ ‘ಪೂರ್ತಿ’ ಬಿಟ್ಟರೆ ಮೊದಲ ಸಾವಿರ ಯಾರದ್ದು ಎಂದು ಇನ್ನೊಂದು ತಕರಾರು ಶುರುವಾಗುತ್ತದೆ.

ಇದು ಸುಮ್ನೆ ಕಿರಿಕಿರಿಯಲ್ಲ. ಅರ್ಥ ಖಚಿತವಿಲ್ಲದ, ಖಚಿತಪಡಿಸಲೂ ಆಗದ ಒಪ್ಪಂದ ಊರ್ಜಿತವಲ್ಲ ಎನ್ನುತ್ತದೆ 1872ರ ಕರಾರು ಕಾಯ್ದೆಯ 29ನೇ ಸೆಕ್ಷನ್. ಕಾಯ್ದೆಯೇ ಉದಾಹರಣೆ ಕೊಡುತ್ತದೆ: ನೂರು ಟನ್ ಎಣ್ಣೆ ಮಾರುವ ಒಪ್ಪಂದ, ಯಾವ ಎಣ್ಣೆ ಅಂತಲೇ ಇಲ್ಲ!

ತಾರೀಕಿನಲ್ಲೂ ಹುಷಾರು. ‘ಜೂನ್ 1ರಿಂದ 11 ತಿಂಗಳು’ ಎಂದು ಬರೆದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 110ನೇ ಸೆಕ್ಷನ್ ಪ್ರಕಾರ ಆ ಮೊದಲ ದಿನ ಲೆಕ್ಕಕ್ಕಿಲ್ಲ. ‘ಜೂನ್ 1ರಿಂದ ಏಪ್ರಿಲ್ 30ರವರೆಗೆ, ಎರಡೂ ದಿನ ಸೇರಿ’ ಎಂದು ಇಸವಿ ಸಮೇತ ಬರೆಸಿ. ಇನ್ನು ‘ವರ್ಷಕ್ಕೆ ಶೇ 5 ಹೆಚ್ಚಳ’. ಕರಾರು 11 ತಿಂಗಳದ್ದು, ಹೆಚ್ಚಳ ಮಾತ್ರ ವರ್ಷಕ್ಕೆ. 12ನೇ ತಿಂಗಳ ಬಾಡಿಗೆ ಹಳೆಯದೋ ಹೊಸದೋ? ಹೊಸ ಮೊತ್ತವನ್ನೂ ಅದು ಶುರುವಾಗುವ ತಾರೀಕನ್ನೂ ಬರೆದುಬಿಡಿ.

ಕೊನೆಗೆ, ವ್ಯವಹಾರ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ನಾನು ಅಮ್ಮನಿಗೆ ಓದಿದೆ. ‘ಕೀ ಒಪ್ಪಿಸಿದ ಮೇಲೆ ಅಡ್ವಾನ್ಸ್ ವಾಪಸ್’ ಅನ್ನುವಲ್ಲಿ ತಡೆದು, ‘ಮೇಲೆ ಅಂದ್ರೆ ಯಾವತ್ತೋ?’ ಅಂದಳು. ಅಲ್ಲಿ ‘7 ದಿನದೊಳಗೆ’ ಸೇರಿತು.