ಬೆಣ್ಣೆಯ ಲೆಕ್ಕದಲ್ಲಿ ಸಿಕ್ಕ ಮುತ್ತಜ್ಜಿ

ನನ್ನ ಗಂಡನ ಮನೆಯವರು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಸಲೀನ್ ಕೌಂಟಿಯವರು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ನಮ್ಮ ಅತ್ತೆಯ ಮುತ್ತಜ್ಜ, ಮುತ್ತಜ್ಜಿ ಬೊಹೀಮಿಯಾದಿಂದ, ಅಂದರೆ ಈಗಿನ ಚೆಕ್ ದೇಶದಿಂದ, ಬಂದು 1870ರ ಸುಮಾರಿಗೆ ಇಲ್ಲಿ ಹೊಲ ಮಾಡಿದವರು. ಮಕ್ಕಳಿಗೋಸ್ಕರ ಅವರ ಕಥೆ ಬರೆದಿಡೋಣ ಅಂತ ಕೂತಾಗ ಮುತ್ತಜ್ಜನ ಕಾಗದಪತ್ರ ಬೇಗ ಸಿಕ್ಕವು. ಮುತ್ತಜ್ಜಿಯದು ಹೆಸರು ಬಿಟ್ಟರೆ ಏನೂ ಇಲ್ಲ. ಅರ್ಧ ಸಂಸಾರದ ಚರಿತ್ರೆ ಬರೆಯಲು ನನಗೆ ಮನಸ್ಸಾಗಲಿಲ್ಲ.

ಶುರು ಮಾಡಿದ್ದು ಜಮೀನಿನಿಂದ. ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆವರೆಗೆ ಸರ್ಕಾರಿ ಜಮೀನು ಸಿಗುತ್ತಿತ್ತು. ಕಟ್ಟಬೇಕಾದದ್ದು ಶುಲ್ಕ ಮಾತ್ರ. ಆದರೆ ಐದು ವರ್ಷ ಅಲ್ಲೇ ವಾಸ ಮಾಡಿ, ಉತ್ತು ಬಿತ್ತು ತೋರಿಸಬೇಕು. ಆಮೇಲೆ ಹಕ್ಕುಪತ್ರ. ಈ ನೆಲ ಮೊದಲು ಯಾರದ್ದಾಗಿತ್ತು ಅನ್ನುವುದನ್ನೂ ಬರೆಯಲೇಬೇಕು. ನಮ್ಮ ಕೌಂಟಿ ಇರುವ, ಪ್ಲ್ಯಾಟ್ ನದಿಯ ದಕ್ಷಿಣದ ಜಮೀನನ್ನು ಅಲ್ಲಿನ ಮೂಲನಿವಾಸಿಗಳಾದ ಪಾನಿ ಜನ 1833ರ ಒಪ್ಪಂದದಲ್ಲಿ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. 1870ರ ದಶಕದಲ್ಲಿ ಅವರನ್ನು ಈಗಿನ ಒಕ್ಲಹೋಮಾಕ್ಕೆ ಸಾಗಿಸಿದರು. ನಮ್ಮವರ ನೇಗಿಲು ನೆಲಕ್ಕಿಳಿದ ಕಾಲವೂ ಅದೇ.

ಹಳೆಯ ಹಕ್ಕುಪತ್ರಗಳು ಸರ್ಕಾರಿ ಜಮೀನು ನೋಡಿಕೊಳ್ಳುವ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ರಾಜ್ಯ, ಕೌಂಟಿ, ಹೆಸರು ಹಾಕಿ ಹುಡುಕಬಹುದು. ಚೆಕ್ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. ಹಾಗಾಗಿ ಮನೆತನದ ಹೆಸರಿನ ಮೊದಲ ಎರಡು ಮೂರು ಅಕ್ಷರ ಮಾತ್ರ ಹಾಕಿ, ಬಂದದ್ದನ್ನೆಲ್ಲ ಕಣ್ಣಾಡಿಸಿ ನೋಡಿದೆ. ನಮ್ಮ ಪಹಣಿಯಲ್ಲಿ ಸರ್ವೆ ನಂಬರ್ ಇರುವ ಹಾಗೆ ಇಲ್ಲಿ ಸೆಕ್ಷನ್, ಟೌನ್‌ಶಿಪ್, ರೇಂಜ್ ಇರುತ್ತದೆ. ಅವುಗಳನ್ನೂ ಹಕ್ಕುಪತ್ರದ ನಂಬರನ್ನೂ ಬರೆದಿಟ್ಟುಕೊಂಡರೆ ರಾಷ್ಟ್ರೀಯ ಪತ್ರಾಗಾರವಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಪೂರ್ತಿ ಕಡತ ಸಿಗುತ್ತದೆ. ನೆಬ್ರಾಸ್ಕಾದ ಕಡತಗಳು ಸ್ಕ್ಯಾನ್ ಆಗಿರುವುದರಿಂದ ಮನೆಯಲ್ಲೇ ಕೂತು ಓದಿದೆ.

ಕಡತದಲ್ಲಿ ಅಕ್ಕಪಕ್ಕದ ಇಬ್ಬರು ರೈತರ ಸಾಕ್ಷಿ ಇದೆ. ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಪೇರಿಸಿ ಕಟ್ಟಿದ ಮನೆ, 14 ಅಡಿಗೆ 16 ಅಡಿ. ಒಂದು ಬಾಗಿಲು, ಎರಡು ಕಿಟಕಿ. ಒಂದು ಬಾವಿ, ಒಂದು ಕೊಟ್ಟಿಗೆ. ಉತ್ತ ಜಮೀನು ಎಷ್ಟು ಎಕರೆ ಅನ್ನುವುದೂ ಇದೆ. ಮುತ್ತಜ್ಜಿ ಮಾತ್ರ ‘ಹೆಂಡತಿ ಮತ್ತು ಮಕ್ಕಳು’ ಅನ್ನುವುದರಲ್ಲಿ ಮುಗಿದುಹೋಗಿದ್ದಾರೆ. ಕಾಯ್ದೆ ಕೇಳುತ್ತಿದ್ದದ್ದು ಮನೆಯ ಯಜಮಾನನನ್ನು. 21 ವರ್ಷ ದಾಟಿದ ಒಂಟಿ ಹೆಣ್ಣುಮಗಳು, ವಿಧವೆ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಇರುವವಳಿಗೆ ಆ ಹಕ್ಕಿಲ್ಲ. ಪೌರತ್ವವೂ ಗಂಡನ ಮೂಲಕವೇ ಬರುತ್ತಿತ್ತು. ಹಾಗಾಗಿ ಅವರ ಹೆಸರಿನಲ್ಲಿ ಒಂದು ಕಾಗದವೂ ಹುಟ್ಟಲಿಲ್ಲ.

ಅವರು ಸಿಕ್ಕಿದ್ದು 1880ರ ಜನಗಣತಿಯ ಕೃಷಿ ಪಟ್ಟಿಯಲ್ಲಿ. ಜನರನ್ನು ಎಣಿಸಿದ ಪುಟ ಎಲ್ಲರೂ ನೋಡುತ್ತಾರೆ, ಅಲ್ವಾ? ಅದರಲ್ಲಿ ಮುತ್ತಜ್ಜಿಯ ಉದ್ಯೋಗ ಬರೀ ‘ಮನೆಗೆಲಸ’. ಅದೇ ಗಣತಿಯಲ್ಲಿ ಒಂದೊಂದು ಹೊಲಕ್ಕೆ ಒಂದೊಂದು ಸಾಲಿನ ಬೇರೆ ಪಟ್ಟಿ ಇದೆ. ಮೆಕ್ಕೆಜೋಳ, ಗೋಧಿ, ಹಂದಿ, ಕುದುರೆಗಳ ಲೆಕ್ಕದ ಜೊತೆಗೇ ಬೆಣ್ಣೆಯ ಕಾಲಂ, ಮೊಟ್ಟೆಯ ಕಾಲಂ. ನಮ್ಮವರ ಸಾಲಿನಲ್ಲಿ ಕರೆಯುವ ಹಸು ಮೂರು, ಹಿಂದಿನ ವರ್ಷ ಮನೆಯಲ್ಲಿ ತೆಗೆದ ಬೆಣ್ಣೆ 300 ಪೌಂಡ್, ಮೊಟ್ಟೆ 150 ಡಜನ್.

ಆ ಸಾಲು ನೋಡಿ ನನಗೆ ಕಣ್ಣು ತುಂಬಿ ಬಂತು. 300 ಪೌಂಡ್ ಅಂದರೆ ಹೆಚ್ಚುಕಡಿಮೆ 136 ಕಿಲೋ. ಹಾಲು ಕರೆದು, ಕೆನೆ ತೆಗೆದು, ಕಡೆದು, ತೊಳೆದು, ಉಪ್ಪು ಹಾಕಿ ಇಡುವ ಕೆಲಸ. ಹಾಸನದ ಕಡೆಯ ನಮ್ಮಜ್ಜಿ ಬೆಳಗ್ಗೆ ಎದ್ದು ಮಜ್ಜಿಗೆ ಕಡೆಯುತ್ತಿದ್ದರು. ತುಪ್ಪ ಮಾರಿದ ದುಡ್ಡು ಅವರ ಸ್ವಂತದ್ದು, ಅದಕ್ಕೆ ತಾತ ಕೈ ಹಾಕುತ್ತಿರಲಿಲ್ಲ. ಅತ್ತೆಯನ್ನು ಕೇಳಿದೆ. ಬೆಣ್ಣೆ, ಮೊಟ್ಟೆ ಅಂಗಡಿಗೆ ಕೊಟ್ಟು ಬಟ್ಟೆ, ಕಾಫಿ, ಸಕ್ಕರೆ ತರುತ್ತಿದ್ದರಂತೆ ಅಂದರು. 1874ರಲ್ಲಿ ಮಿಡತೆ ದಂಡು ಬಂದು ಬೆಳೆಯನ್ನೆಲ್ಲ ತಿಂದಾಗ ಮನೆ ನಡೆದದ್ದು ಮುತ್ತಜ್ಜಿಯ ಕೋಳಿಗಳಿಂದ ಅಂತ ಮನೆಯಲ್ಲಿ ಹೇಳುತ್ತಾರಂತೆ. ಸುಮ್ನೆ ‘ಅವರು ಹೇಗಿದ್ದರು’ ಅಂತ ಕೇಳಿದ್ದಾಗ ಅತ್ತೆಗೆ ಇದು ನೆನಪಾಗಿರಲಿಲ್ಲ. ಅಂಕಿ ಮುಂದಿಟ್ಟು ಕೇಳಿದಾಗ ಬಾಯಿಗೆ ಬಂತು. ಹಿರಿಯರ ಹತ್ತಿರ ಹೋಗುವಾಗ ಒಂದು ಕಾಗದ ಕೈಯಲ್ಲಿ ಹಿಡಿದು ಹೋಗಿ.

1890ರ ಜನಗಣತಿಯ ಬಹುಭಾಗ 1921ರ ಬೆಂಕಿಯಿಂದ ಹಾಳಾಯಿತು. ನೆಬ್ರಾಸ್ಕಾದವರಿಗೆ 1885ರ ರಾಜ್ಯ ಗಣತಿ ಇದೆ, ಅದನ್ನು ಬಿಡಬೇಡಿ. 1900ರದ್ದರಲ್ಲಿ ತಾಯಂದಿರಿಗೆ ಎರಡು ಪ್ರಶ್ನೆ: ಹೆತ್ತದ್ದು ಎಷ್ಟು, ಬದುಕಿರುವುದು ಎಷ್ಟು. ಮುತ್ತಜ್ಜಿಯ ಉತ್ತರ ಒಂಬತ್ತು, ಆರು. ಮನೆಯವರಿಗೆ ಗೊತ್ತಿದ್ದದ್ದು ಆರೇ ಹೆಸರು. 1880ರ ಸಾವಿನ ಪಟ್ಟಿಯಲ್ಲಿ ಒಂದು ಹೆಣ್ಣುಮಗು ಸಿಕ್ಕಿತು, ಗಂಟಲಮಾರಿಯಿಂದ ಹೋದದ್ದು. ಇನ್ನಿಬ್ಬರ ಹೆಸರು ಸ್ಮಶಾನದ ಕಲ್ಲಿನ ಮೇಲೆ ಚೆಕ್ ಭಾಷೆಯಲ್ಲಿತ್ತು.

ಅವರ ತವರಿನ ಹೆಸರು ಕೊನೆಯ ಮಗನ ಮರಣಪತ್ರದಲ್ಲಿ, ತಾಯಿಯ ಹೆಸರು ಬರೆಯುವ ಜಾಗದಲ್ಲಿ ಸಿಕ್ಕಿತು. ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿ ಊರಿನ ಹೆಸರು ಕೊಟ್ಟಿತು. ದಕ್ಷಿಣ ಬೊಹೀಮಿಯಾದ ಚರ್ಚ್ ದಾಖಲೆಗಳನ್ನು ಟ್ರೆಬೊನ್ ಪತ್ರಾಗಾರ ಪುಕ್ಕಟೆ ಅಂತರ್ಜಾಲದಲ್ಲಿ ಇಟ್ಟಿದೆ. ಹಳೆಯ ಜರ್ಮನ್ ಕೈಬರಹ ಓದಲು ಕಷ್ಟ. ಒಬ್ಬನೇ ಪಾದ್ರಿ ಬರೆದ ಪುಟಗಳನ್ನು ಸಾಲಾಗಿ ಓದುತ್ತಾ ಹೋದರೆ ಅಕ್ಷರ ಪರಿಚಯವಾಗುತ್ತದೆ. ಮುತ್ತಜ್ಜಿಯ ದೀಕ್ಷಾಸ್ನಾನದ ಸಾಲಿನಲ್ಲಿ ಮನೆ ನಂಬರ್ ಇದೆ, ಸೂಲಗಿತ್ತಿಯ ಹೆಸರಿದೆ, ಅವರ ತಾಯಿಯ ಹೆಸರು ತವರಿನ ಹೆಸರಿನ ಜೊತೆಗೇ ಇದೆ. ಈಗ ಆ ತಾಯಿಯ ತವರೂರಿನ ಪುಸ್ತಕ ತೆರೆದು ಓದುತ್ತಿದ್ದೇನೆ.